ದೊಡ್ಡಕ್ಕನ ಮೂರು

ಔಷಧಿ ಗೋದಾಮಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಗಳು ಕೇಳಿದ ಔಷಧಿಗಳನ್ನು ಕಪಾಟಿನಿಂದ ತೆಗೆದು ಗಾಡಿಗೆ ತುಂಬುವುದು, ಎಷ್ಟು ತೆಗೆದೆ ಎಂದು ಕೈಯಲ್ಲಿನ ಪುಟ್ಟ ಯಂತ್ರದ ಗುಂಡಿ ಒತ್ತಿ ತಿಳಿಸುವುದು ಅವಳ ಕೆಲಸ. ಚಿಕ್ಕಂದಿನಿಂದಲೂ ಉಗ್ಗು. ಬಾಯಿಗಿಂತ ಬೆರಳೇ ಚುರುಕಾಗಿದ್ದ ಅವಳಿಗೆ ಅದು ಹೇಳಿ ಮಾಡಿಸಿದಂಥ ಕೆಲಸವಾಗಿತ್ತು.

ಒಂದು ಸೋಮವಾರ ಆ ಯಂತ್ರಗಳನ್ನೆಲ್ಲ ಹಿಂದಕ್ಕೆ ಪಡೆದು, ಎಲ್ಲರ ತಲೆಗೂ ಒಂದೊಂದು ಹೆಡ್‌ಸೆಟ್ ಹಾಕಿದರು.

"ಇನ್ಮೇಲೆ ಕಂಪ್ಯೂಟರ್ ಜೊತೆ ಮಾತಾಡಿದ್ರೆ ಸಾಕು, ಎರಡೂ ಕೈ ಖಾಲಿ ಇರುತ್ತೆ," ಎಂದ ಸೂಪರ್‌ವೈಸರ್.

ಕಿವಿಯಲ್ಲಿ ಹೆಣ್ಣುದನಿಯೊಂದು ಕೇಳಿತು: "ನಾಲ್ಕನೇ ಸಾಲು, ಕೆಮ್ಮಿನ ಔಷಧಿ. ಎಷ್ಟು ತೆಗೆದಿರಿ?"

"ಮೂ... ಮೂ... ಮೂರು."

"ಮುನ್ನೂರ ಮೂವತ್ತಮೂರು. ಧನ್ಯವಾದ."

ಮಧ್ಯಾಹ್ನ ಬಿಲ್ಲು ನೋಡಿ ಇಡೀ ಗೋದಾಮು ನಕ್ಕಿತು. "ಊರಿಗೆ ಊರೇ ಕೆಮ್ತಾ ಇದೆಯೇನೋ!" ಎಂದರು ಯಾರೋ. ದೊಡ್ಡಕ್ಕನೂ ನಕ್ಕಳು. ಆದರೆ ಮರುದಿನವೂ ಅದೇ ಕತೆಯಾದಾಗ ಯಾರಿಗೂ ನಗು ಬರಲಿಲ್ಲ.

ಸೂಪರ್‌ವೈಸರ್ ಕೆಟ್ಟವನಲ್ಲ. ಅವಳನ್ನು ಪಕ್ಕಕ್ಕೆ ಕರೆದು, "ಪ್ಯಾಕಿಂಗಿಗೆ ಹೋಗ್ಬಿಡಿ ದೊಡ್ಡಕ್ಕ. ಅಲ್ಲಿ ಕೂತು ಟೇಪ್ ಅಂಟಿಸಿದ್ರಾಯ್ತು, ಮಾತೇ ಬೇಡ," ಎಂದ.

"ಯೋ... ಯೋಚನೆ ಮಾಡಿ ಹೇಳ್ತೀನಿ," ಎಂದು ಅವಳು ಮನೆಗೆ ಬಂದಳು.

ಮನೆಯಲ್ಲಿದ್ದವಳು ತಂಗಿ. ಅಕ್ಕನ ಮೇಲೆ ಜೀವವನ್ನೇ ಇಟ್ಟಿದ್ದಳು. ಅಕ್ಕ ಬಾಯಿ ತೆರೆದರೆ ಮಿಕ್ಕ ಮಾತನ್ನು ತಾನೇ ಮುಗಿಸುವುದು ಅವಳ ಅಭ್ಯಾಸ. "ಬಾ..." ಎಂದರೆ "ಬಾಗಿಲು ಹಾಕ್ಬೇಕಾ? ಬಾಳೆಹಣ್ಣಾ? ಬಾಯಾರಿಕೆನಾ?" ಎಂದು ಸಾಲುಗಟ್ಟಿ ಕೇಳುತ್ತಿದ್ದಳು. ಎಷ್ಟೋ ಸಲ ದೊಡ್ಡಕ್ಕ ಬೇಡದ್ದಕ್ಕೂ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು.

ವಿಷಯ ತಿಳಿದದ್ದೇ ತಂಗಿ ಫೋನ್ ತೆಗೆದು, ಅಂಕಿಗಳನ್ನೆಲ್ಲ ತನ್ನ ದನಿಯಲ್ಲಿ ರೆಕಾರ್ಡ್ ಮಾಡಿಕೊಟ್ಟಳು. "ಯಾವ ಅಂಕಿ ಬೇಕೋ ಅದನ್ನ ಒತ್ತು, ನಾನು ಹೇಳ್ತೀನಿ. ಆ ಯಂತ್ರಕ್ಕೇನು ಗೊತ್ತಾಗುತ್ತೆ?"

ಉಪಾಯ ಫಲಿಸಿತು. ಕಂಪ್ಯೂಟರ್ ತಂಗಿಯ ದನಿಗೆ ಒಂದು ಸಲವೂ ತಪ್ಪಲಿಲ್ಲ. ಸೂಪರ್‌ವೈಸರ್ ಕಂಡೂ ಕಾಣದವನಂತೆ ಇದ್ದುಬಿಟ್ಟ.

ಗುರುವಾರ ಮೇಲಿನ ಕಪಾಟಿನಿಂದ ಒಂದು ಬಾಟಲಿ ಜಾರಿ ಬಿದ್ದು ಚೂರಾಯಿತು. "ಎಷ್ಟು ತೆಗೆದಿರಿ?" ಎಂದಿತು ಕಿವಿಯಲ್ಲಿನ ದನಿ. ಒಡೆದಿದೆ ಎನ್ನಲು ಫೋನಿನಲ್ಲಿ ಮಾತಿರಲಿಲ್ಲ. "ಬಾ... ಬಾ..." ಎಂದಳು. "ಅರ್ಥವಾಗಲಿಲ್ಲ. ಎಷ್ಟು ತೆಗೆದಿರಿ?" ಕಾಲ ಬಳಿ ಗಾಜಿನ ಚೂರು, ಹಿಂದೆ ಕಾಯುತ್ತಿರುವ ಗಾಡಿಗಳು, ಕೈಯಲ್ಲಿ ತಂಗಿಯ ದನಿ. ದೊಡ್ಡಕ್ಕನಿಗೆ ಮೈಯೆಲ್ಲ ಉರಿಯಿತು. ಹೀಗೆ ಇನ್ನೆಷ್ಟು ಮಾತುಗಳನ್ನು ತಂಗಿಯ ಬಾಯಿಂದ ತುಂಬಿಸಿಕೊಂಡು ಬರುವುದು?

ಗಾಜು ಗುಡಿಸಿ, ಫೋನ್ ಆರಿಸಿ, ಯಂತ್ರಗಳನ್ನು ನೋಡಿಕೊಳ್ಳಲು ಬಂದಿದ್ದ ಇಂಜಿನಿಯರಮ್ಮನ ಮೇಜಿನ ಮುಂದೆ ನಿಂತಳು.

"ಇದು... ನ... ನನ್ನ ಮಾತು ಕೇಳ್ಬೇಕು. ಏನು ಮಾಡ್ಬೇಕು, ಹೇಳಿ."

ಇಂಜಿನಿಯರಮ್ಮ ಕುರ್ಚಿ ಎಳೆದು ಕೂರಿಸಿದಳು. "ನೀವು ಕ್ಷಣ ತಡೆದ್ರೆ ಸಾಕು, ಮಾತು ಮುಗೀತು ಅಂದ್ಕೊಳ್ಳುತ್ತೆ. ಆ ಕಾಯೋ ಹೊತ್ತನ್ನ ಜಾಸ್ತಿ ಮಾಡ್ತೀನಿ, ಅದು ಸುಲಭ. ಆದ್ರೆ ಯಾವುದು ಉಗ್ಗು, ಯಾವುದು ಅಂಕಿ ಅಂತ ಅದಕ್ಕೆ ಕಲಿಸ್ಬೇಕು. ನೀವು ಅಂಕಿಗಳನ್ನ, ಇಲ್ಲಿ ಬಳಸೋ ಮಾತುಗಳನ್ನ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡ್ಕೊಂಡು ಬರ್ಬೇಕು, ತುಂಬಾನೇ. ಉಗ್ಗನ್ನ ಮುಚ್ಚಿಡಬಾರದು."

ಕೊನೆಯ ಮಾತು ಅವಳಿಗೆ ಕಷ್ಟವಾಯಿತು. ಹುಟ್ಟಿದಾಗಿನಿಂದ ಮಾಡಿದ್ದೇ ಮುಚ್ಚಿಡುವ ಕೆಲಸ. ಕಷ್ಟದ ಅಕ್ಷರ ಬಂದರೆ ಬೇರೆ ಪದ ಹುಡುಕುವುದು, ಇಲ್ಲವೇ ಕೆಮ್ಮುವುದು. ಆದರೂ, "ಆಗ್ಲಿ," ಎಂದಳು.

ಅಂದು ಸಂಜೆಯಿಂದ ಅಡುಗೆಮನೆಯ ಮೇಜಿನ ಬಳಿ ಓದು ಶುರುವಾಯಿತು. ಬೇರೆ ದನಿ ಬೆರೆಯಕೂಡದು ಎಂದಿದ್ದರಿಂದ ತಂಗಿಗೆ ಬಾಯಿಗೆ ಬೀಗ. "ಮೂ... ಮೂ..." ಎಂದು ಅಕ್ಕ ತಡವರಿಸಿದಾಗಲೆಲ್ಲ ತಂಗಿಯ ತುಟಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಮೊದಲ ದಿನ ಎರಡು ಸಲ ಬಾಯಿ ಹಾಕಿ ಓದು ಕೆಡಿಸಿದಳು. ಕಡೆಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು.

"ಮಾತು ಬಲ್ಲವನಿಗೆ ಜ... ಜಗಳವಿಲ್ಲ ಅಂತಾರೆ," ಎಂದಳು ದೊಡ್ಡಕ್ಕ, ರೆಕಾರ್ಡ್ ನಿಲ್ಲಿಸಿ. "ನನಗೆ ಮಾತೂ ಇಲ್ಲ, ಜಗಳಾನೂ ತ... ತಪ್ಪಿಲ್ಲ."

ಅಷ್ಟುದ್ದದ ಮಾತು ಅವಳ ಬಾಯಿಂದ ಪೂರ್ತಿಯಾಗಿ ಬಂದುದನ್ನು ತಂಗಿ ಕೇಳಿ ಎಷ್ಟು ಕಾಲವಾಗಿತ್ತೋ! ಕೈ ತೆಗೆದಳು, ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಾನು ಬಿಟ್ಟಿದ್ರೆ ತಾನೇ ಅಕ್ಕಾ, ನೀನು ಮಾತಾಡೋದು," ಎಂದಳು.

ಆ ತಿಂಗಳು ದೊಡ್ಡಕ್ಕ ಹಗಲಲ್ಲಿ ಪ್ಯಾಕಿಂಗಿನಲ್ಲಿ ಟೇಪ್ ಅಂಟಿಸಿದಳು, ಸಂಜೆ ಓದಿದಳು. ಮೊದಲ ಪರೀಕ್ಷೆಯಲ್ಲಿ ಯಂತ್ರ ಮತ್ತೆ ಮುನ್ನೂರು ದಾಟಿತು. ಇಂಜಿನಿಯರಮ್ಮನ ಮುಖ ಸಪ್ಪಗಾಯಿತು. "ಇ... ಇನ್ನಷ್ಟು ಓದ್ತೀನಿ," ಎಂದಳು ದೊಡ್ಡಕ್ಕ. ಓದಿದಳು ಕೂಡ.

ಎರಡನೇ ಪರೀಕ್ಷೆಗೆ ಸೂಪರ್‌ವೈಸರೂ ಬಂದು ನಿಂತ.

"ಎಷ್ಟು ತೆಗೆದಿರಿ?"

"ಮೂ... ಮೂ..." ಮಾತು ಅಲ್ಲೇ ನಿಂತಿತು. ಯಂತ್ರ ಸುಮ್ಮನಿತ್ತು. ಸೂಪರ್‌ವೈಸರ್ ಅವಳ ಮಾತು ಮುಗಿಸಲು ಬಾಯಿ ತೆರೆದ; ಅವಳು ಕೈ ಎತ್ತಿ ತಡೆದಳು. "...ಮೂರು."

"ಮೂರು. ಧನ್ಯವಾದ."

ಎಲ್ಲ ಸರಿಹೋಯಿತೆಂದಲ್ಲ. 'ಬ' ಬಂದರೆ ಯಂತ್ರ ಈಗಲೂ ಎಡವುತ್ತದೆ. ಅದಕ್ಕಾಗಿ ಅವಳು ಇನ್ನೂ ಓದುತ್ತಿದ್ದಾಳೆ. ಗುಂಡಿ ಒತ್ತುವಾಗಿನ ವೇಗ ಮರಳಿಲ್ಲ; ಕೆಲಸಗಾರರ ವೇಗದ ಪಟ್ಟಿಯಲ್ಲಿ ಮೇಲಿರುತ್ತಿದ್ದ ಅವಳ ಹೆಸರು ಈಗ ನಡುವೆಲ್ಲೋ ಇದೆ. ಅದನ್ನು ಒಂದು ದಿನ ಜೊತೆ ಕೆಲಸದವನೊಬ್ಬ ಎತ್ತಿ ಆಡಿದಾಗ ದೊಡ್ಡಕ್ಕ ನಿಂತು, ಪದ ಬದಲಿಸದೆ, ಕೆಮ್ಮದೆ, ಉತ್ತರ ಕೊಟ್ಟಳು. ಸ್ವಲ್ಪ ಹೊತ್ತು ಹಿಡಿಯಿತು. ಅವನು ಪೂರ್ತಿ ಕೇಳಿಸಿಕೊಳ್ಳುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.