ಹೊರಗಿನ ಬೆಂಚು

ಗಂಡನ ಕೈಯಿಂದ ಆಕೆ ಗಡಿಯಾರ ಬಿಚ್ಚುತ್ತಿದ್ದಳು. ಮಣಿಕಟ್ಟು ಸೆಟೆದಿತ್ತು, ಬೆಲ್ಟು ಸುಲಭಕ್ಕೆ ಬರಲಿಲ್ಲ.

ಶವದ ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಚಿತಾಗಾರದವರು ಕೊಟ್ಟ ಹೊತ್ತು ಮೂರು ಗಂಟೆ, ತಪ್ಪಿದರೆ ನಾಳೆಯೇ ಎಂದು ಗಾಡಿಯವನು ಆಗಲೇ ಹೇಳಿಹೋಗಿದ್ದ. ಆದರೂ ಮಗ ಮುಂದಿನ ಕೋಣೆಯಿಂದ, ಮಗಳು ಅಡುಗೆಮನೆಯಿಂದ ಹೊರಬಂದಿರಲಿಲ್ಲ. ಮನೆ ಮಾರುವುದೆಂದು ಬೆಳಗ್ಗೆಯೇ ತೀರ್ಮಾನವಾಗಿತ್ತು. ಉಳಿದದ್ದು ಅಮ್ಮ. ತನ್ನ ಮನೆ ಚಿಕ್ಕದು ಎಂದು ಮಗ, ತಾನು ದುಡಿಯಲು ಹೋಗುವವಳು ಎಂದು ಮಗಳು. ಅದು ಇತ್ಯರ್ಥವಾಗದೆ ಹೆಣ ಎತ್ತಕೂಡದೆಂದು ಇಬ್ಬರದೂ ಒಂದೇ ಹಟ.

ತಾನು ಈ ಮನೆಯಲ್ಲೇ ಒಂದು ಮೂಲೆಯಲ್ಲಿ ಇದ್ದುಬಿಡುತ್ತೇನೆ ಎನ್ನಲು ಆಕೆ ಬೆಳಗಿನಿಂದ ಕಾದಿದ್ದಳು. ಯಾರೂ ಕೇಳಿರಲಿಲ್ಲ.

ಗಂಡನ ಗುಮಾಸ್ತ ಎರಡು ಕೋಣೆಗಳ ನಡುವೆ ಓಡಾಡುತ್ತಿದ್ದ. ಕೋರ್ಟಿನ ವ್ಯಾಜ್ಯಗಳಿಗೆ ರಾಜಿ ಮಾಡಿಸುತ್ತಿದ್ದ ಆ ಯಜಮಾನರ ಹತ್ತಿರ ದುಡಿದು ತಲೆ ನರೆತವನು, ಅವನ ಕಾಲಿಗೆ ಬೇರೆ ದಾರಿ ಗೊತ್ತಿರಲಿಲ್ಲ.

"ಬಗ್ಗಿದ್ರಾ?" ಪಕ್ಕದ ಮನೆಯಾಕೆ ಕೇಳಿದಳು.

"ಎಲ್ಲಿ ಬಗ್ತಾರೆ? ಗಡುವು ಕುತ್ತಿಗೆಗೆ ಬರಬೇಕು," ಎಂದ.

*

ಆಕೆಯ ಗಂಡನ ಪದ್ಧತಿಯೇ ಅದು. ಎರಡೂ ಕಡೆಯವರನ್ನು ಬೇರೆ ಬೇರೆ ಕೂರಿಸಿ, ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಇಷ್ಟು ಹೊತ್ತಿಗೆ ಎದ್ದು ಹೋಗುತ್ತೇನೆ ಎನ್ನುವರು. ಸುಲಭದ್ದು ಮೊದಲು, ಕಗ್ಗಂಟು ಕೊನೆಗೆ. ಅವರ ಕೋಣೆಯಲ್ಲಿ ವ್ಯಾಜ್ಯ ಎಳೆದಾಡಿದ್ದೇ ಇಲ್ಲ.

ಒಂದು ಸಂಜೆ ಊಟಕ್ಕೆ ಕೂತವರು ತಟ್ಟೆ ಮುಟ್ಟಲಿಲ್ಲ. ಅಣ್ಣತಮ್ಮಂದಿರ ವ್ಯಾಜ್ಯವಂತೆ. ಅಂಗಡಿ, ಗೋದಾಮು ಎಲ್ಲ ಬಗೆಹರಿದು ಕೊನೆಗೆ ಮುದಿ ತಂದೆ ಉಳಿದನಂತೆ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದು ಗಡುವಿನೊಳಗೇ ಮುಗಿಸಿದರಂತೆ.

"ಆ ಮುದುಕಪ್ಪ ಏನಂದ್ರು?" ಆಕೆ ಕೇಳಿದ್ದಳು.

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಹೊರಗೆ ಬೆಂಚಿನ ಮೇಲೆ ಕೂತಿದ್ದ. ಕರೆಯೋಕೆ ಹೊತ್ತಿರಲಿಲ್ಲ ಕಣೇ."

*

ಗಾಡಿಯವನು ಹಾರ್ನ್ ಒತ್ತಿದ. ಹೆಣ ಎತ್ತಲು ಜಾಗ ಬೇಕೆಂದು ಯಾರೋ ಆಕೆಯನ್ನು ಹೊರಗೆ ಕರೆತಂದು, ಚಪ್ಪಲಿ ಬಿಡುವ ಕಡೆಯ ಬೆಂಚಿನ ಮೇಲೆ ಕೂರಿಸಿದರು. ಗಡಿಯಾರ ಮುಷ್ಟಿಯಲ್ಲೇ ಇತ್ತು.

ಒಳಗೆ ಅಣ್ಣತಂಗಿಯರ ದನಿ ಒಂದೇ ಕೋಣೆಯಲ್ಲಿ ಕೇಳಿಸಿತು. ಏರಿತು, ತಟ್ಟನೆ ತಗ್ಗಿತು. ಈಗ ಕರೆಯುತ್ತಾರೆ ಎಂದು ಆಕೆ ಬಟ್ಟೆ ಸರಿಮಾಡಿಕೊಂಡು ಎದ್ದು ನಿಂತಳು.

ಗುಮಾಸ್ತ ಮುಖ ಒರೆಸಿಕೊಳ್ಳುತ್ತ ಬಂದ.

"ಮುಗೀತಮ್ಮ. ಇನ್ನೂ ಹೊತ್ತು ಮಿಕ್ಕಿದೆ. ಸಾಹೇಬರು ಇದ್ದಿದ್ರೆ ಭೇಷ್ ಅಂತಿದ್ರು."

"ನಾನೊಂದು ಮಾತು..."

"ಮೊದಲ ಆರು ತಿಂಗಳು ಮಗಳ ಮನೆ," ಎಂದವನು ಆಕೆಯ ಮುಖ ನೋಡಿದ. ಹಿಂದಿದ್ದ ಬೆಂಚು ನೋಡಿದ.

ಆಕೆ ಮತ್ತೆ ಕೂತಳು.

ಮಗ ಒಂದು ಕಡೆ, ಮಗಳು ಒಂದು ಕಡೆ ಹೆಗಲು ಕೊಟ್ಟು ತಂದೆಯನ್ನು ಹೊರತಂದರು. ಅವರಿಗೆ ದಾರಿಯಾಗಲೆಂದು ಆಕೆ ಕಾಲು ಒಳಗೆಳೆದುಕೊಂಡಳು. ಗಡಿಯಾರವನ್ನು ತನ್ನ ಕೈಗೆ ಕಟ್ಟಿಕೊಂಡಿದ್ದಳು. ಬೆಲ್ಟನ್ನು ಕೊನೆಯ ತೂತಿಗೆ ಬಿಗಿದಿದ್ದರೂ, ಕಣ್ಣೊರೆಸಲು ಕೈ ಎತ್ತಿದಾಗ ಅದು ಮೊಣಕೈವರೆಗೂ ಜಾರಿತು.