ಮೊಸರಿನ ಡಬ್ಬದ ಹಸಿರು ಚುಕ್ಕಿ

ಬಚಿಂತ್ ಕೌರಳ ಅಡುಗೆಮನೆಯಲ್ಲಿ ಆ ಶುಕ್ರವಾರ ಕಾಲಿಡಲು ಜಾಗವಿರಲಿಲ್ಲ. ಮೇಜಿನ ಮೇಲೆ, ಕುರ್ಚಿಯ ಮೇಲೆ, ಕೊನೆಗೆ ಮಗುವಿನ ತಳ್ಳುಗಾಡಿಯೊಳಗೂ ಮೊಸರಿನ ದೊಡ್ಡ ದೊಡ್ಡ ಡಬ್ಬಗಳು. ಭಾನುವಾರ ಕಡಲಾಚೆಯ ಯೂಬಾ ಸಿಟಿಯ ಗುರುದ್ವಾರದಲ್ಲಿ ಇವರ ಮನೆಯವರದೇ ಲಂಗರ್ ಸೇವೆ, ಬಂದವರಿಗೆಲ್ಲ ಊಟ ಬಡಿಸುವ ಸರದಿ. ಬೂಂದಿ ರಾಯ್ತಾಕ್ಕೆ ಮೊಸರು ಬೇಕಲ್ಲ?

ಈ ಸೇವೆಗೆ ಕಾರಣ ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿತ್ತು. ಮೊಮ್ಮಗಳು ದಿನ ತುಂಬುವ ಮುಂಚೆಯೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ, ಬಚಿಂತ್ ಕೌರ್ ಗುರುವಿನ ಮುಂದೆ ತಲೆಬಾಗಿ ಬೇಡಿಕೊಂಡಿದ್ದಳು: "ಕೂಸು ಉಳೀಲಿ. ನೆರೆದ ಭಕ್ತರಿಗೆಲ್ಲ ನನ್ನ ಕೈಯಾರೆ ಬಡಿಸ್ತೀನಿ." ಕೂಸು ಉಳಿಯಿತು. ಅಂದಿನಿಂದ ಆಕೆಯ ಬಾಯಲ್ಲಿ 'ವಾಹೆಗುರು, ನಿನ್ನ ದಯೆ' ಎಂಬ ಮಾತು ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

ಬೇಲಿಯಾಚೆಯ ಮನೆಯ ಓಫೀಲಿಯಾ ಕೂಸನ್ನು ನೋಡಲು ಬಂದಳು. ಮೆಕ್ಸಿಕೋ ಮೂಲದವಳು. ಇಬ್ಬರೂ ಹಿಂದೆ ಪೀಚ್ ಹಣ್ಣು ಆರಿಸುವ ಶೆಡ್ಡಿನಲ್ಲಿ ಎದುರುಬದುರು ನಿಂತು ದುಡಿದವರು. ಓಫೀಲಿಯಾ ಪಂಜಾಬಿ ಕಲಿತದ್ದು ಅಲ್ಲಿಯೇ. ಮೊದಲು ಕಲಿತದ್ದು ಬೈಗುಳ, ಆಮೇಲೆ 'ಭೈಣ್', ಅಂದರೆ ಅಕ್ಕ, ಎನ್ನುವಂಥ ಉಳಿದದ್ದು.

"ಏನೇ ಭೈಣ್, ಮೊಸರಿನ ಅಂಗಡಿ ಇಟ್ಟಿದ್ದೀಯಾ?" ಎನ್ನುತ್ತಾ ಆಕೆ ಒಂದು ಡಬ್ಬ ಎತ್ತಿಕೊಂಡಳು. ಹಿಂದೆ ತಿರುಗಿಸಿದಳು. ಮುಖದ ನಗು ಹೋಯಿತು. "ಇದನ್ನ ಯಾರು ತಂದಿದ್ದು?"

"ನಾನೇ. ಯಾಕೆ, ಹಳಸಿದೆಯಾ?"

"ಹಳಸಿಲ್ಲ. ಆದ್ರೆ ಇದು ನಿಂಗಾಗಲ್ಲ. ಇದರಲ್ಲಿ ಜೆಲಟಿನ್ ಇದೆ."

"ಏನಾದ್ರೂ ಇರ್ಲಿ ಬಿಡೆ. ಮೊಸರು ತಾನೆ? ಹಾಲಿಗೂ ಮಾಂಸಕ್ಕೂ ಎತ್ತಣ ಸಂಬಂಧ? ಹಸುವಿನ ಚಿತ್ರ ಇದೆ ನೋಡು. ಹಸಿರು ಚುಕ್ಕಿನೂ ಇದೆ!" ಬಚಿಂತ್ ಕೌರ್ ಗೆದ್ದವಳ ಹಾಗೆ ಬೆರಳಿಟ್ಟು ತೋರಿಸಿದಳು.

ಆಕೆಗೆ ಓದಲು ಬರುತ್ತಿದ್ದದ್ದು ಗುರುಮುಖಿ ಮಾತ್ರ. ಪಂಜಾಬಿನ ಊರಿಗೆ ಹೋದಾಗಲೆಲ್ಲ ಬಿಸ್ಕತ್ತಿನಿಂದ ಹಿಡಿದು ನೂಡಲ್ಸಿನವರೆಗೆ ಹಸಿರು ಚುಕ್ಕಿ ನೋಡಿಯೇ ಕೊಳ್ಳುತ್ತಿದ್ದಳು. ಇಲ್ಲಿಯೂ ಹಾಗೆಯೇ ಕಣ್ಣಿಗೆ ಹಸಿರು ಕಂಡರೆ ಬುಟ್ಟಿಗೆ ಹಾಕುತ್ತಿದ್ದಳು. ಸಿಖ್ಖರೆಲ್ಲರೂ ಮಾಂಸ ಬಿಟ್ಟವರಲ್ಲ, ಆಕೆಯ ಮಗನೇ ಹೊರಗೆ ಕೋಳಿ ತಿನ್ನುತ್ತಾನೆ. ಆದರೆ ಬಚಿಂತ್ ಕೌರ್ ಗುರುವಿನ ದೀಕ್ಷೆಯಾದ ಅಮೃತ ಸ್ವೀಕರಿಸಿದ ದಿನದಿಂದ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಲಂಗರಿನ ಊಟವಂತೂ ಯಾರು ಬೇಕಾದರೂ ಕೂತು ಉಣ್ಣಲಿ ಎಂದೇ ಸಸ್ಯಾಹಾರ.

"ಅದು ನಿಮ್ಮೂರಿನ ಚುಕ್ಕಿ ಅಲ್ಲ ಕಣೆ," ಎಂದಳು ಓಫೀಲಿಯಾ. "ಕೊಬ್ಬು ಕಡಿಮೆ ಅಂತ ಬರೆದಿರೋದು ಅದರೊಳಗೆ. ಕೊಬ್ಬು ತೆಗೆದ್ರೆ ಮೊಸರು ನೀರಾಗುತ್ತೆ, ಗಟ್ಟಿ ನಿಲ್ಲಲಿ ಅಂತ ಕೆಲವರು ಜೆಲಟಿನ್ ಹಾಕ್ತಾರೆ. ನಮ್ಮನೇಲಿ ಯಾರ ಹುಟ್ಟುಹಬ್ಬಕ್ಕಾದ್ರೂ ಹಾಲಿನ ಜೆಲ್ಲಿ ಮಾಡ್ತೀನಲ್ಲ, ಅಲುಗಾಡ್ತಾ ನಿಂತಿರುತ್ತಲ್ಲ, ಅದಕ್ಕೆ ಹಾಕೋ ಪುಡಿನೂ ಇದೇ. ನಿಂಗೆ ಯಾವತ್ತಾದ್ರೂ ಕೊಟ್ಟಿದ್ದೀನಾ? ಹಂದಿ ಚರ್ಮ, ದನದ ಮೂಳೆ ಬೇಯಿಸಿ ತೆಗೆಯೋದು ಅದು."

"ನಿನ್ನ ತಲೆ! ಮೊಸರಿಗೆ ಹಂದಿ ಹಾಕ್ತಾರಂತೆ. ಯಾರಾದ್ರೂ ಕೇಳಿದ್ರೆ ನಕ್ಕಾರು."

ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದ ಸೊಸೆ ರವ್ನೀತ್ ನಗಲಿಲ್ಲ. ಡಬ್ಬದ ಹಿಂದಿನ ಸಣ್ಣಕ್ಷರ ಓದಿದಳು. ಅಲ್ಲೇ ಇದ್ದ ನಂಬರಿಗೆ ಫೋನ್ ಮಾಡಿದಳು. ಆ ಕಡೆಯ ಹುಡುಗಿ ಸಲೀಸಾಗಿ ಹೇಳಿದಳು: ಹೌದು, ಹಂದಿಯದೇ.

"ಬೀಜಿ, ಆಂಟಿ ಹೇಳಿದ್ದು ನಿಜ," ಎಂದಳು ರವ್ನೀತ್ ಅತ್ತೆಗೆ ಮೆಲ್ಲಗೆ. "ನಾನೂ ನೋಡಿರ್ಲಿಲ್ಲ. ಮೊಸರಲ್ಲಿ ಏನಿರುತ್ತೆ ಅಂದ್ಕೊಂಡೆ."

ಬಚಿಂತ್ ಕೌರಳಿಗೆ ಹಿಂದಿನದು ನೆನಪಾಯಿತು. ಕೂಸು ಆಸ್ಪತ್ರೆಯಲ್ಲಿದ್ದಾಗ ಮನೆಯಲ್ಲಿ ಹೆಪ್ಪು ಹಾಕಲು ಬಿಡುವಿಲ್ಲದೆ ಇದೇ ಮೊಸರು ತಂದು ಉಂಡಿದ್ದಳು. ಆದರೆ ಅದಕ್ಕಿಂತ ದೊಡ್ಡ ಭಯ ಬೇರೆ. ತನ್ನ ಮೇಲಿನ ನಂಬಿಕೆಯಿಂದ ತಟ್ಟೆ ಒಡ್ಡುವ ಅಷ್ಟು ಜನ ಅಮೃತಧಾರಿಗಳಿಗೆ, ಕೂಸಿನ ಹೆಸರಿನಲ್ಲಿ, ಭಾನುವಾರ ತಾನೇ ಇದನ್ನು ಬಡಿಸಿಬಿಡುತ್ತಿದ್ದಳಲ್ಲ! ಕುರ್ಚಿಯ ಡಬ್ಬಗಳನ್ನು ಸರಿಸಿ ಕುಸಿದು ಕೂತಳು. ಕಣ್ಣೀರು ತಾನಾಗಿ ಇಳಿಯಿತು.

"ನನ್ನ ಅಮೃತದ ಗತಿ ಏನೇ ಓಫೀಲಿಯಾ?"

"ಅದು ನಂಗೊತ್ತಿಲ್ಲ. ನಿಮ್ಮವರನ್ನ ಕೇಳು. ಆದ್ರೆ ಅಳೋದು ಭಾನುವಾರ ಆದ್ಮೇಲೆ ಇಟ್ಕೊ. ಈಗ ಹಾಲು ತರೋಣ ಏಳು."

ಗುರುದ್ವಾರದಲ್ಲಿ ಗ್ರಂಥ ಓದುವ ಭಾಯಿ ಸಾಹೇಬರು ಎಲ್ಲ ಕೇಳಿ ಹೇಳಿದರು: "ಗೊತ್ತಿಲ್ದೆ ತಿಂದಿದ್ದೀರಿ ಬೀಜಿ. ಅರ್ದಾಸ್ ಪ್ರಾರ್ಥನೆ ಮಾಡೋಣ, ಮನಸ್ಸು ಹಗುರ ಆಗುತ್ತೆ. ಭಕ್ತರ ತಟ್ಟೆಗೆ ಬೀಳೋ ಮುಂಚೆ ಕೈ ಹಿಡಿದು ನಿಲ್ಲಿಸೋಕೆ ಗುರು ಒಬ್ಬಳನ್ನ ಕಳಿಸಿದಾನೆ. ಅದನ್ನ ನೆನೀರಿ."

ರವ್ನೀತ್ ಡಬ್ಬಗಳನ್ನೆಲ್ಲ ಅಂಗಡಿಗೆ ವಾಪಸ್ಸು ಕೊಟ್ಟಳು. ಲಂಗರಿನ ಅಡುಗೆಮನೆಯಿಂದಲೇ ಒಂದು ಲೋಟ ಹೆಪ್ಪು ಬಂತು. ಶನಿವಾರ ಸಂಜೆ ಮೂವರೂ ಸೇರಿ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಿ, ಪಾತ್ರೆಗಳನ್ನು ಸಾಲಾಗಿ ಇಟ್ಟರು. ಹೊರಗೆ ಚಳಿ. ಓಫೀಲಿಯಾ ತನ್ನ ಮನೆಯ ಕಂಬಳಿಗಳನ್ನೆಲ್ಲ ಹೊತ್ತು ತಂದು ಪಾತ್ರೆಗಳಿಗೆ ಹೊದಿಸಿದಳು. ಸಾಲದಾಗ ಕೂಸಿನ ಪುಟ್ಟ ರಜಾಯಿಯೂ ಒಂದು ಪಾತ್ರೆಗೆ ಹೋಯಿತು.

ಕೆಲಸದ ನಡುವೆ ಮಾತು ಸಾಗಿತ್ತು. "ಮೊಸರೊಂದೇ ಅಲ್ಲ ಭೈಣ್. ನಾನು ಮಾಡೋ ಟೋರ್ಟಿಯಾ ರೊಟ್ಟಿಗೆ ಹಂದಿ ಕೊಬ್ಬು ಹಾಕ್ತೀನಿ. ನಿಂಗೆ ಕೊಡೋದು ಬೇರೆ, ಎಣ್ಣೇದು. ಡಬ್ಬದಲ್ಲಿ ಬರೋ ಅರೆದ ಬೀನ್ಸಿಗೂ ಕೆಲವರು ಅದನ್ನೇ ಹಾಕ್ತಾರೆ."

ರವ್ನೀತ್ ದನಿಗೂಡಿಸಿದಳು: "ಚೀಸ್ ಕೂಡ ಬೀಜಿ. ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ ಕೆಲವರು. ಹಾಕದೆ ಇರೋದೂ ಸಿಗುತ್ತೆ, ಕೇಳಿ ತರ್ಬೇಕು. ತರಕಾರಿ ಸೂಪಿಗೆ ಕೋಳಿ ಸಾರು ಇರುತ್ತೆ, ಮಕ್ಕಳ ಮೆತ್ತನೆ ಮಿಠಾಯಿಗೆ ಇದೇ ಜೆಲಟಿನ್."

"ಹಂಗಾದ್ರೆ ನಾನು ಗಾಳಿ ಕುಡಿದು ಬದುಕ್ಲಾ?"

"ಬೇಡ, ಓದಿ ಬದುಕಿ," ಎಂದು ರವ್ನೀತ್ ನಕ್ಕಳು. "ನಿಮ್ಮ ಫೋನಿನ ಕ್ಯಾಮೆರಾ ಡಬ್ಬದ ಹಿಂದೆ ಹಿಡೀರಿ, ಪಂಜಾಬಿಯಲ್ಲೇ ತೋರಿಸುತ್ತೆ. ಅರ್ಥ ಆಗ್ದಿದ್ರೆ ಫೋಟೋ ನಂಗೆ ಕಳಿಸಿ."

ಭಾನುವಾರ ಲಂಗರಿನಲ್ಲಿ ಓಫೀಲಿಯಾ ತಲೆಗೆ ದುಪಟ್ಟಾ ಹೊದ್ದು ಸಾಲಿನಲ್ಲಿ ನೆಲದ ಮೇಲೆ ಕೂತಿದ್ದಳು. ಬಚಿಂತ್ ಕೌರ್ ಬಾಗಿ ಅವಳ ತಟ್ಟೆಗೆ ರಾಯ್ತಾ ಬಡಿಸಿದಳು.

"ಇದರ ಹಿಂದೆ ಏನೂ ಬರೆದೇ ಇಲ್ವಲ್ಲೇ," ಎಂದಳು ಓಫೀಲಿಯಾ ಕಣ್ಣು ಮಿಟುಕಿಸಿ. "ನಂಬೋದು ಹೇಗೆ?"

"ನನ್ನ ಮುಖ ನೋಡಿ ನಂಬು." ಬಚಿಂತ್ ಕೌರ್ ಸೌಟನ್ನು ಪಾತ್ರೆಗಿಟ್ಟಳು. "ನೀನು ಕೊಟ್ಟ ರೊಟ್ಟೀನ ನಾನು ನಿನ್ನ ಮುಖ ನೋಡಿ ನಂಬಿದ ಹಾಗೆ. ನೀನಿಲ್ದಿದ್ರೆ ಇವತ್ತು ನಾನು ಇಲ್ಲಿ ತಲೆ ಎತ್ತಿ ನಿಲ್ತಿರ್ಲಿಲ್ಲ ಕಣೆ. ನಿನ್ನ ಋಣ ದೊಡ್ಡದು."

"ಹಾಗಿದ್ರೆ ಇನ್ನೊಂದು ಸೌಟು ಹಾಕು."

ಓದುವ ನೀವೂ ಕೇಳಿ. ಹಸಿರು ಚುಕ್ಕಿಯ ಗುರುತು ನಮ್ಮ ದೇಶದ್ದು, ಗಡಿ ದಾಟಿದರೆ ಅದೇ ಬಣ್ಣಕ್ಕೆ ಬೇರೆ ಅರ್ಥವಿರಬಹುದು. ಡಬ್ಬದ ಮುಂದಿನ ಚಿತ್ರ ನೋಡಿ ಮೋಸಹೋಗಬೇಡಿ, ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಓದಲು ಬಾರದಿದ್ದರೆ ಪಕ್ಕದವರನ್ನು ಕೇಳಿ, ಅನುಮಾನ ಬಂದರೆ ತಯಾರಿಸಿದವರಿಗೇ ಫೋನ್ ಮಾಡಿ. ನೀವು ಏನು ಬೇಕಾದರೂ ತಿನ್ನುವವರಾಗಿರಬಹುದು, ಆದರೂ ನೆರೆಯವರು ಏನು ಬಿಟ್ಟಿದ್ದಾರೆಂದು ತಿಳಿದುಕೊಳ್ಳಿ. ಅವರು ತಿಳಿಯದೆ ಕೈ ಹಾಕಿದಾಗ ಸುಮ್ಮನಿರದೆ ಹೇಳಿ. ಓಫೀಲಿಯಾ ಹೇಳಿದಳು, ಒಂದು ಕೂಸಿನ ಹೆಸರಿನ ಊಟ ಕೆಡದೆ ಉಳಿಯಿತು.