ಕ್ಯಾಮೆರಾಗೆ ಕಾಣದ ಜ್ವರ

ಪರದೆಯ ಮೇಲೆ ಭಾವ ಹಚ್ಚ ಹಸಿರಾಗಿ ಬಂದ. ಜ್ವರವಿದ್ದವರನ್ನು ಕೆಂಪಗೆ ತೋರಿಸುವ ಕ್ಯಾಮೆರಾ ಅದು. ಹಸಿರು ಕಂಡರೆ ವಿಮಾನ ನಿಲ್ದಾಣದ ನರ್ಸ್ ಕೈಬೀಸಿ ಮುಂದೆ ಬಿಡುತ್ತಾಳೆ. ಈಗ ಅವಳ ಕೈ ಏಳಲಿಲ್ಲ.

"ಏನ್ ನಾದಿನಿ, ಹೀರೋ ಎಂಟ್ರಿಗೆ ಒಂದು ಶಿಳ್ಳೆನೂ ಇಲ್ವಾ?"

ಮನೆಯಲ್ಲಾಗಿದ್ದರೆ ಅವಳೇ ಮೊದಲು ಶಿಳ್ಳೆ ಹಾಕುತ್ತಿದ್ದಳು. "ಕನ್ನಡಕ ತೆಗೀರಿ ಭಾವ."

"ಇಂಟರ್‌ವಲ್‌ಗೆ ಮುಂಚೆ ಹೀರೋ ಕೂಲಿಂಗ್ ಗ್ಲಾಸ್ ತೆಗೆಯೋ ಹಾಗಿಲ್ಲ."

"ತೆಗೀರಿ."

ತೆಗೆದ. ಎರಡೂ ಕಣ್ಣು ಮೂಟೆ ಈರುಳ್ಳಿ ಹೆಚ್ಚಿದವನ ಹಾಗೆ ಕೆಂಪಗಿದ್ದವು.

"ನಿದ್ದೆ ಇಲ್ಲ ಕಣೆ. ಪಕ್ಕದ ಸೀಟಿನವನ ಗೊರಕೆ ವಿಮಾನಕ್ಕಿಂತ ಜೋರು."

ಭಾವ ಹೊರದೇಶಕ್ಕೆ ಹೋಗಿದ್ದು ಕೋಳಿ ಫಾರಂ ಕೆಲಸಕ್ಕೆ. ಹಕ್ಕಿ ಜ್ವರ ಕೆಲವರಲ್ಲಿ ಮೊದಲು ಕಣ್ಣಿಗೇ ಬರುತ್ತದೆ ಎಂದು ಅವಳಿಗೆ ತರಬೇತಿಯಲ್ಲಿ ಹೇಳಿದ್ದರು.

"ಅಲ್ಲಿ ಕೋಳಿ ಸತ್ವಾ?"

"ಕೋಳಿ ಇರೋದೇ ಸಾಯೋಕಲ್ವಾ?"

"ತಮಾಷೆ ಸಾಕು. ತಾವಾಗೇ ಸತ್ವಾ?"

ಹಿಂದಿದ್ದವರು ಗೊಣಗತೊಡಗಿದರು. ಭಾವ ದನಿ ತಗ್ಗಿಸಿದ. "ಶೆಡ್ಡಿಗೆ ಶೆಡ್ಡೇ ಮಲಗಿಬಿಡ್ತು. ಬರಿಗೈಲಿ ಎತ್ತಿ ಗುಂಡಿಗೆ ಹಾಕಿದ್ವಿ."

"ಜ್ವರ?"

"ವಿಮಾನ ಇಳಿಯೋ ಮುಂಚೆ ಜ್ವರದ ಮಾತ್ರೆ ನುಂಗಿದೆ. ಫಾರಂನಲ್ಲಿ ಊರಿಗೆ ಹೊರಟೋರೆಲ್ಲ ಹಾಗೇ ಮಾಡೋದು. ನಿನ್ನ ಡಬ್ಬಾ ಕ್ಯಾಮೆರಾ ಹಿಡಿಯುತ್ತಾ ನೋಡು."

ಅವಳು ಅವನಿಗೊಂದು ಮಾಸ್ಕ್ ಕೊಟ್ಟು ಕೈಗೆ ಗ್ಲೌಸ್ ಏರಿಸಿಕೊಂಡಳು. "ಒಳಗೆ ಬನ್ನಿ. ಕಣ್ಣಿಂದ ಸ್ಯಾಂಪಲ್ ತಗೋಬೇಕು. ರಿಪೋರ್ಟ್ ಬರೋವರೆಗೂ ಆಸ್ಪತ್ರೆ."

"ಹೊರಗೆ ನಿಮ್ಮಕ್ಕ ನಿಂತಿದ್ದಾಳೆ, ಮಗು ಎತ್ಕೊಂಡು." ಮಗು ತಾನು ಹೋದಮೇಲೆ ಹುಟ್ಟಿದ್ದು ಎಂದು ಅವನು ಹೇಳಬೇಕಿರಲಿಲ್ಲ. "ಒಂದೇ ಸಲ ಎತ್ಕೊಂಡು ಬಂದ್ಬಿಡ್ತೀನಿ. ಆಮೇಲೆ ಎಲ್ಲಿ ಬೇಕಾದ್ರೂ ಹಾಕು."

"ಎತ್ಕೊಂಡ್ರೆ ಮುತ್ತು ಕೊಡ್ತೀರಿ."

"ಮತ್ತೆ? ಕೈ ಕುಲುಕ್ಲಾ?"

ಅವಳು ನಗಲಿಲ್ಲ. ಅವನು ಹೊರಬಾಗಿಲ ಕಡೆ ನೋಡಿದ. ಕಾವಲಿನವನು ಯಾರಿಗೋ ದಾರಿ ಹೇಳುತ್ತಿದ್ದ. ಭಾವನ ಕೈ ಸೂಟ್‌ಕೇಸಿನ ಹಿಡಿಯ ಮೇಲೆ ಬಿಗಿಯಾಯಿತು.

ಅವಳ ಮೊಬೈಲ್ ಅದುರಿತು. ಅಕ್ಕ. ಅವಳು ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು.

"ಬಂದ್ರೇನೆ? ಮಗು ಈಗಷ್ಟೇ ಎದ್ದಿದೆ, ಬೇಗ ಕಳ್ಸೇ." ಹಿಂದೆ ಮಗು ಏನೋ ಉಲಿಯಿತು, ಆಮೇಲೆ ಸಣ್ಣದೊಂದು ಸೀನು.

ಭಾವ ಮೊಬೈಲನ್ನೇ ನೋಡುತ್ತ ನಿಂತ. ಮಾಸ್ಕನ್ನು ಮೂಗಿನ ಮೇಲೆ ಎಳೆದುಕೊಂಡ.

"ಬಂದಿದ್ದೀನಿ ಕಣೆ," ಎಂದ. "ನೀನು ಮನೆಗೆ ಹೋಗು. ಮಗೂಗೆ ಗಾಳಿ ಜಾಸ್ತಿ ಆಗುತ್ತೆ."

"ಯಾಕ್ರೀ? ಏನಾಯ್ತು?"

"ನಿನ್ ತಂಗಿ ಹೇಳ್ತಾಳೆ."

ಅವಳು ಅಕ್ಕನಿಗೆ ಎಲ್ಲ ಹೇಳಿ ಮುಗಿಸಿ ಒಳಕೋಣೆಗೆ ಹೋದಾಗ ಅವನು ಆಗಲೇ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಚಾಚಿದ್ದ. ತಾನೇ ಬೆರಳಿನಿಂದ ಕೆಳರೆಪ್ಪೆ ಜಗ್ಗಿ ಹಿಡಿದು, ರೆಪ್ಪೆ ಮಿಟುಕಿಸದೆ, ಚಾವಣಿಯ ದೀಪ ನೋಡುತ್ತಿದ್ದ.